ಬೇಲೂರಿನ ಒಲೆಗೆ ಬ್ಯಾಡಗಿ ಮೆಣಸಿನಕಾಯಿ

ನನ್ನ ಮೊದಲ ಐತಿಹಾಸಿಕ ಕಾದಂಬರಿ ಅಚ್ಚಾದ ಎರಡು ತಿಂಗಳಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಬ್ಯಾಡಗಿ ಕಡೆಯ ಓದುಗರೊಬ್ಬರು ಬರೆದಿದ್ದರು. ಎರಡು ಸಾಲು ಹೊಗಳಿಕೆ, ಆಮೇಲೆ ಒಂದೇ ಪ್ರಶ್ನೆ: ‘ನಿಮ್ಮ ಶಿಲ್ಪಿಯ ಹೆಂಡತಿ 1117ರಲ್ಲಿ ಬೇಲೂರಿನ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದು ಕೇರಿಗೆಲ್ಲ ಘಾಟು ಎಬ್ಬಿಸುತ್ತಾಳಲ್ಲ, ಕಾಯಿ ಎಲ್ಲಿಂದ ತರಿಸಿದಳು ಸಾರ್? ಆಗ ನಮ್ಮೂರ ಮಾರುಕಟ್ಟೆ ಇರಲಿಲ್ಲ.’

ಏಳು ವರ್ಷ ಆ ಕಾದಂಬರಿಗೆ ದುಡಿದಿದ್ದೆ. ಮೇಷ್ಟ್ರ ಕೆಲಸದ ರಜೆಗಳೆಲ್ಲ ಬೇಲೂರು, ಬಳ್ಳಿಗಾವೆ, ಶ್ರವಣಬೆಳಗೊಳದಲ್ಲೇ ಕಳೆದಿದ್ದವು. ಹೊಯ್ಸಳರ ವಂಶಾವಳಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದು ಮಾತ್ರ ಇಣುಕಿ ನೋಡಿರಲಿಲ್ಲ. ಆ ಕಾರ್ಡನ್ನು ಈಗಲೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಅಲ್ಲಿಂದ ಮುಂದೆ ಕಲಿತದ್ದನ್ನು, ಈ ದಾರಿಗೆ ಹೊಸದಾಗಿ ಬರುವವರಿಗೆ ಅನುಕೂಲವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

1. ಊರಿನ ಹೆಸರನ್ನು ಮೊದಲು ವಿಚಾರಿಸಿ

ನನ್ನ ಕರಡು ಪ್ರತಿಯ ಮೊದಲ ಪುಟದಲ್ಲೇ ಒಬ್ಬ ದೂತ ‘ಹಳೇಬೀಡಿನಿಂದ’ ಬೇಲೂರಿಗೆ ಕುದುರೆ ಓಡಿಸಿಕೊಂಡು ಬರುತ್ತಿದ್ದ. ಬೀಡು ಎಂದರೆ ಅರಸನ ನೆಲೆ. ಅದು ಹಾಳಾಗಿ, ಅರಸರು ಹೋಗಿ, ಜನ ‘ಹಳೆಯ ಬೀಡು’ ಎಂದು ಕರೆದ ಮೇಲೆ ಬಂದ ಹೆಸರು ಹಳೇಬೀಡು. ಹೊಯ್ಸಳ ಅರಸ ವಿಷ್ಣುವರ್ಧನ ಅಲ್ಲಿ ಕೂತು ಆಳುತ್ತಿದ್ದಾಗ ಅದು ದೋರಸಮುದ್ರ. ದೆಹಲಿಯ ಮಲಿಕ್ ಕಾಫೂರನ ದಂಡು 1311ರಲ್ಲಿ ಬಂದದ್ದೂ ದೋರಸಮುದ್ರಕ್ಕೇ. ಅರಸ ಸಿಂಹಾಸನದ ಮೇಲೆ ಇರುವಾಗಲೇ ಅವನ ರಾಜಧಾನಿಯನ್ನು ನಾನು ಹಾಳೂರು ಮಾಡಿದ್ದೆ.

ಇಂಥವು ಇನ್ನೂ ಇವೆ. ಬಸವಣ್ಣನ ಕಾಲದಲ್ಲಿ ಬಸವಕಲ್ಯಾಣ ಇಲ್ಲ, ಬರೀ ಕಲ್ಯಾಣ. ಲಕ್ಷ್ಮೇಶ್ವರ ಆಗ ಪುಲಿಗೆರೆ. ಮಳಖೇಡ ಮಾನ್ಯಖೇಟ. ಬರೆಯುವ ಮೊದಲು ನಿಮ್ಮ ಕತೆಯ ಊರುಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ಆ ಕಾಲದ ಶಾಸನದಲ್ಲಿರುವ ಹೆಸರನ್ನು ಬರೆದುಕೊಳ್ಳಿ. ಅರ್ಧ ದಿನದ ಕೆಲಸ.

2. ಅಡುಗೆಮನೆಯಲ್ಲಿ ಸಿಕ್ಕಿಬೀಳುತ್ತೀರಿ

ಯುದ್ಧದ ವರ್ಣನೆಯಲ್ಲಿ ತಪ್ಪಿದರೆ ಇತಿಹಾಸದ ಅಧ್ಯಾಪಕರು ಮಾತ್ರ ಹಿಡಿಯುತ್ತಾರೆ. ಊಟದಲ್ಲಿ ತಪ್ಪಿದರೆ ಉಣ್ಣುವವರೆಲ್ಲ ಹಿಡಿಯುತ್ತಾರೆ.

ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ಪೋರ್ಚುಗೀಸರ ಹಡಗುಗಳ ಓಡಾಟ ಶುರುವಾದ ಮೇಲೆ ಕಾಯಿ ನಮ್ಮ ಕಡೆಗೆ ಬಂದದ್ದು. ಅದಕ್ಕೂ ಮೊದಲು ನಮಗೆ ಖಾರವೆಂದರೆ ಮೆಣಸು, ಶುಂಠಿ, ಹಿಪ್ಪಲಿ. ಹೊಸ ಕಾಯಿ ಬಂದಾಗ ಜನ ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಆಮೇಲೆ ಪಾಪ, ಮೂಲದ ಮೆಣಸೇ ತಾನು ಯಾರೆಂದು ಹೇಳಿಕೊಳ್ಳಲು ‘ಕರಿಮೆಣಸು’, ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಬಾಲಂಗೋಚಿ ಕಟ್ಟಿಕೊಳ್ಳಬೇಕಾಯಿತು.

ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಮುಸುಕಿನ ಜೋಳ, ಗೋಡಂಬಿ, ಅನಾನಸು, ಸೀಬೆ, ಹೊಗೆಸೊಪ್ಪು, ಇವೆಲ್ಲ ಅದೇ ಸಮುದ್ರ ದಾಟಿ ಬಂದವು. ಕೆಲವಕ್ಕೆ ನಮ್ಮ ಭಾಷೆಯೇ ಹಣೆಪಟ್ಟಿ ಅಂಟಿಸಿದೆ. ಪರಂಗಿಹಣ್ಣು ಎಂಬಲ್ಲಿ ಪರಂಗಿಯವನು ಹಣ್ಣಿನ ಜೊತೆಗೇ ನಿಂತಿದ್ದಾನೆ. ಸೀಮೆಬದನೆ, ಸೀಮೆಹುಣಸೆ ಎಂಬಲ್ಲಿ ‘ಸೀಮೆ’ ಎಂದರೆ ಹೊರಗಿನದು. ಹೆಸರಿನ ಮುಂದೆ ಸೀಮೆಯೋ ಪರಂಗಿಯೋ ಇದ್ದರೆ 12ನೇ ಶತಮಾನದ ಹೊಸ್ತಿಲು ದಾಟಲು ಬಿಡಬೇಡಿ.

ಹಾಗೆಂದು ಅಡುಗೆ ಸಪ್ಪೆಯಾಗುವುದಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ನಮ್ಮ ವಿಷ್ಣುವರ್ಧನನ ಸಮಕಾಲೀನ. ಅವನ ‘ಮಾನಸೋಲ್ಲಾಸ’ದಲ್ಲಿ ಮಂಡಿಗೆ, ವಡೆ, ಪೂರಿ, ದೋಸೆಯಂಥ ತಿಂಡಿಗಳ ಜೊತೆಗೆ ಸುಟ್ಟ ಇಲಿಯ ಮಾಂಸವೂ ಇದೆ. ಅಲ್ಲಿಯ ‘ಇಡ್ಡರಿಕಾ’ ಉದ್ದಿನದು. ಮೆಣಸು, ಜೀರಿಗೆ, ಇಂಗು ಬೀಳುತ್ತವೆ, ಅಕ್ಕಿಯ ಸುದ್ದಿ ಇಲ್ಲ. ಅದಕ್ಕೂ ಹಿಂದೆ 10ನೇ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರು ಬರುತ್ತದೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವೇ ಇದೆ. ಎರಡನೆಯ ಮುದ್ರಣದಲ್ಲಿ ನನ್ನ ಶಿಲ್ಪಿಯ ಹೆಂಡತಿ ಉದ್ದು ರುಬ್ಬಿದಳು, ಮೆಣಸು ಕುಟ್ಟಿದಳು, ತುಪ್ಪದಲ್ಲಿ ಇಂಗು ಹಾಕಿದಳು. ಕೇರಿಗೆ ಘಾಟಿನ ಬದಲು ಘಮ ಹೋಯಿತು. ದೃಶ್ಯ ಮೊದಲಿಗಿಂತ ಚೆನ್ನಾಯಿತು.

3. ಹೂವು, ಮರಕ್ಕೂ ವಯಸ್ಸು ಇದೆ

ಇದು ಚಿಕ್ಕ ಪಾಠ. ದಸರಾ, ದೀಪಾವಳಿಗೆ ನಾವು ರಾಶಿ ಹಾಕುವ ಚೆಂಡುಹೂ ಮೆಕ್ಸಿಕೋ ಕಡೆಯದು. ಗುಲ್‌ಮೊಹರ್ ಮಡಗಾಸ್ಕರಿನದು, ನೀಲಗಿರಿ ಮರ ಆಸ್ಟ್ರೇಲಿಯಾದ್ದು. ರಾಣಿಯ ಮುಡಿಗೆ ಮಲ್ಲಿಗೆ, ಸಂಪಿಗೆ, ಸುರಗಿ, ಕೇದಗೆ ಧಾರಾಳವಾಗಿ ಇವೆ. ಸಾಲುಮರಕ್ಕೆ ಆಲ, ಅರಳಿ, ಹೊಂಗೆ, ಮಾವು, ಹುಣಸೆ ಸಾಕು.

4. ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ

‘ಐದು ನಿಮಿಷ ಮೌನ ಆವರಿಸಿತು’ ಎಂದು ಬರೆದಿದ್ದೆ. ಯಾರ ನಿಮಿಷ ಅದು? ಆ ಕಾಲದವರು ದಿನವನ್ನು 60 ಗಳಿಗೆಯಾಗಿ ಭಾಗ ಮಾಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತು ಒಂದು ಗಳಿಗೆ. ನಮ್ಮ ಲೆಕ್ಕಕ್ಕೆ 24 ನಿಮಿಷ. ಏಳೂವರೆ ಗಳಿಗೆಗೆ ಒಂದು ಜಾವ. ಬಟ್ಟಲು ಮುಳುಗಿತೆಂದರೆ ಕಾವಲಿನವನು ಬಾರಿಸುತ್ತಾನೆ, ಊರು ಕೇಳಿಸಿಕೊಳ್ಳುತ್ತದೆ. ಬಟ್ಟಲು ಮತ್ತು ಕಾವಲಿನವನು ಸಿಕ್ಕ ಮೇಲೆ ನನ್ನ ಮೂರನೆಯ ಅಧ್ಯಾಯದ ರಾತ್ರಿಗೆ ಜೀವ ಬಂತು.

ದುಡ್ಡಿಗೂ ಇದೇ ಮಾತು. ಗದ್ಯಾಣ, ಪಣ, ಹಾಗ, ವೀಸ ಎಂಬ ಮಾತುಗಳು ಶಾಸನಗಳಲ್ಲಿ ತುಂಬಿ ತುಳುಕುತ್ತವೆ. ಹೊಲಕ್ಕೆ ಮತ್ತರು, ಕಮ್ಮ. ಧಾನ್ಯಕ್ಕೆ ಕೊಳಗ, ಖಂಡುಗ. ಮತ್ತರಿನ ಅಳತೆ ಊರಿಂದೂರಿಗೆ, ಅಳೆಯುವ ಕೋಲಿನಿಂದ ಕೋಲಿಗೆ ಬದಲಾಗುತ್ತಿತ್ತು. ಅದನ್ನು ಎಕರೆಗೆ ಪರಿವರ್ತಿಸಿ ಓದುಗರಿಗೆ ಲೆಕ್ಕದ ಪಾಠ ಹೇಳಲು ಹೋಗಬೇಡಿ. ಹತ್ತು ಗದ್ಯಾಣಕ್ಕೆ ಒಬ್ಬ ಬೆಚ್ಚಿಬಿದ್ದರೆ ಅದು ದೊಡ್ಡ ಮೊತ್ತ ಎಂದು ಓದುಗರಿಗೆ ತಾನಾಗಿ ತಿಳಿಯುತ್ತದೆ.

5. ಬಾಯಿಗೆ ಬರುವ ಮಾತು ಹುಡುಕಿ

ಇದರಲ್ಲಿ ನಾನು ಪಟ್ಟಷ್ಟು ಪಾಡು ಇನ್ಯಾವುದರಲ್ಲೂ ಪಡಲಿಲ್ಲ. ತಾಯಿ ಮಗನನ್ನು ಊಟಕ್ಕೆ ಕರೆಯುವ ಒಂದು ಸಾಲನ್ನು ಮೂರು ಸಲ ಬರೆದೆ.

ಮೊದಲ ಸಲ: ‘ಮಗನೆ, ಉಣಲ್ ಬಾ.’ ಹಳಗನ್ನಡದ ಪ್ರೀತಿಯಿಂದ ಬರೆದದ್ದು. ಹಸ್ತಪ್ರತಿ ಓದಿದ ಗೆಳೆಯ ಹತ್ತನೆಯ ಪುಟಕ್ಕೆ ಸುಸ್ತಾಗಿ ವಾಪಸು ಕೊಟ್ಟ.

ಎರಡನೆಯ ಸಲ: ‘ವತ್ಸ, ಭೋಜನಕ್ಕೆ ಆಗಮಿಸು.’ ಇದು ಕಂಪನಿ ನಾಟಕದ ತಾಯಿ. ಹೊಟ್ಟೆ ಹಸಿದ ಹುಡುಗನನ್ನು ಯಾವ ಕಾಲದ ತಾಯಿಯೂ ಹೀಗೆ ಕರೆದಿರಲಾರಳು.

ಮೂರನೆಯ ಸಲ: ‘ಬಾರಪ್ಪ, ಉಣ್ಣು. ಕೂಳು ಆರಿಹೋಗುತ್ತಿದೆ.’ ಇಲ್ಲಿಗೆ ಸರಿಹೋಯಿತು ಎಂದುಕೊಂಡೆ. ಕರಡಚ್ಚು ತಿದ್ದುವಾಗ ನನ್ನ ಹೆಂಡತಿ ‘ಕೂಳು’ ಮೇಲೆ ಬೆರಳಿಟ್ಟಳು. ‘ಇವಳಿಗೆ ಮಗನ ಮೇಲೆ ಅಷ್ಟು ಸಿಟ್ಟೇಕೆ?’ ಹಳೆಯ ಕನ್ನಡದಲ್ಲಿ ಕೂಳು ಎಂದರೆ ಬರೀ ಅನ್ನ. ಇಂದು ‘ದಂಡದ ಕೂಳು’ ಎಂದು ಬೈಯಲಿಕ್ಕಷ್ಟೇ ಉಳಿದಿದೆ. ಮಾತು ಆ ಕಾಲದ್ದಾಗಿದ್ದರೂ ಓದುವ ಕಿವಿ ಈ ಕಾಲದ್ದು. ಕೂಳು ತೆಗೆದು ಅಂಬಲಿ ಹಾಕಿದೆ.

ಕೊನೆಗೆ ನಾನು ಹಿಡಿದ ದಾರಿ ಇಷ್ಟು: ವಾಕ್ಯದ ಕಟ್ಟು ಇಂದಿನ ಆಡುಮಾತಿನದು, ಪದಗಳಲ್ಲಿ ಮಾತ್ರ ಜರಡಿ. ಪಾರಸಿ, ಅರಬ್ಬಿ ಮೂಲದಿಂದ ಆಮೇಲೆ ಬಂದ ಮಾತುಗಳನ್ನು ಪಾತ್ರಗಳ ಬಾಯಿಂದ ಆರಿಸಿ ತೆಗೆದೆ. ದರ್ಬಾರು, ಹುಕುಂ, ಸಿಪಾಯಿ ಸುಲಭವಾಗಿ ಹೋಗುತ್ತವೆ. ಖಾಲಿ, ತಯಾರಿ, ಬದಲು, ಖುಷಿ, ರಸ್ತೆ, ಕಾಗದ ನಮಗೇ ಗೊತ್ತಾಗದಂತೆ ಒಳಗೆ ಕೂತಿರುತ್ತವೆ. ಅಂದಹಾಗೆ, ನನ್ನ ಶಿಲ್ಪಿ ಮನೆಗೆ ‘ಕಾಗದ’ ಬರೆಯುತ್ತಿದ್ದ. ಆ ಕಾಲದಲ್ಲಿ ಓಲೆ, ಅದನ್ನು ಕೊರೆಯಲು ಕಬ್ಬಿಣದ ಕಂಟ. ನಿರೂಪಣೆ ನನ್ನದು, ಅಲ್ಲಿ ‘ಬದಲು’ ಎನ್ನಲು ನನಗೆ ಸಂಕೋಚವಿಲ್ಲ. ಪಾತ್ರದ ಬಾಯಿ ಅವರದು.

6. ಶಾಸನವನ್ನು ಕೊನೆಯಿಂದ ಓದಿ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ, 1902ರದು, ಹಾಸನ ಜಿಲ್ಲೆಯದು. ಮೊದಮೊದಲು ಅದನ್ನು ತೆರೆದರೆ ರಾಜನ ಬಿರುದಾವಳಿಯಲ್ಲೇ ಮುಳುಗಿಹೋಗುತ್ತಿದ್ದೆ. ಎಲ್ಲ ಅರಸರೂ ಶತ್ರುಗಳಿಗೆ ಸಿಂಹ, ಎಲ್ಲರೂ ದಾನದಲ್ಲಿ ಕರ್ಣ. ಅದು ಅಚ್ಚು ಹೊಯ್ದ ಮಾತು. ಜನ ಬದುಕಿರುವುದು ಕೊನೆಯ ಸಾಲುಗಳಲ್ಲಿ: ಯಾರಿಗೆ ಎಷ್ಟು ಮತ್ತರು ಗದ್ದೆ, ಅದರ ಮೂಡಣಕ್ಕೆ ಯಾವ ಕೆರೆ, ತೆಂಕಣಕ್ಕೆ ಯಾವ ಹುತ್ತ, ದೀಪದ ಎಣ್ಣೆಗೆ ಯಾವ ಗಾಣ, ಇದನ್ನು ಅಳಿದವನಿಗೆ ಯಾವ ಪಾಪ.

ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಮಂಡ್ಯ ಜಿಲ್ಲೆಯ ಆತಕೂರಿನದು, ಸುಮಾರು 950ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಸೋಲಿಸಿದ ಸಂಗತಿ ಅದರಲ್ಲಿದೆ. ಇತಿಹಾಸದ ಪುಸ್ತಕಗಳಿಗೆ ಬೇಕಾದದ್ದು ಅಷ್ಟೇ. ಆದರೆ ಕಲ್ಲು ನಿಂತಿರುವುದು ಒಂದು ನಾಯಿಗಾಗಿ. ಗಂಗ ಬೂತುಗನ ಕಡೆಯ ಮಣಲೆರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದ ಅರಸ ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಟು ಮಾಡಿದ. ಪೂಜೆ ಮಾಡದೆ ಉಂಡ ಪೂಜಾರಿ ಗೊರವನಿಗೆ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಎದುರುಬದುರು ಇವೆ.

ಯಾವ ಕಾದಂಬರಿಕಾರನೂ ಇಂಥ ಮನುಷ್ಯನನ್ನು ಕಲ್ಪಿಸಿಕೊಳ್ಳಲಾರ. ಆ ಕಲ್ಲಿನ ಮುಂದೆ ನಿಂತ ದಿನ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: ಶಾಸನ ಮಾತಾಡಿದ ಕಡೆ ನಾನು ಬಾಯಿ ಮುಚ್ಚಬೇಕು, ಅದು ಸುಮ್ಮನಾದ ಕಡೆ ನನ್ನ ಕೆಲಸ ಶುರು. ಅರಸ ನಾಯಿಯ ಹಗ್ಗವನ್ನು ಕೈಗೆ ಕೊಟ್ಟಾಗ ಸುತ್ತ ನಿಂತವರು ನಕ್ಕರೇ? ಅದನ್ನು ಕಲ್ಲು ಹೇಳುವುದಿಲ್ಲ. ಅಲ್ಲಿ ನಾನು ಇದ್ದೇನೆ.

7. ದಂತಕತೆಗೂ ದಾಖಲೆಗೂ ಬೇರೆ ಬೇರೆ ಬುಟ್ಟಿ

ವಿಷ್ಣುವರ್ಧನನ ರಾಣಿ ಶಾಂತಲೆ ಶಿವಗಂಗೆಯ ಬೆಟ್ಟದ ತುದಿಯಿಂದ ಹಾರಿ ಪ್ರಾಣ ಬಿಟ್ಟಳು ಎಂದು ಅಲ್ಲಿಗೆ ಹೋದವರಿಗೆಲ್ಲ ತೋರಿಸುತ್ತಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದಷ್ಟೇ. ಹಾರಿದ ಮಾತಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಒಂದು ತಿಂಗಳು ಅನ್ನ ಬಿಟ್ಟು ಸಲ್ಲೇಖನದಿಂದ ದೇಹ ತೊರೆದಳು ಎಂಬುದೂ ಶಾಸನದಲ್ಲಿದೆ. ನನಗೆ ಹಾರಿದ ಮಗಳಿಗಿಂತ ಅನ್ನ ಬಿಟ್ಟು ಕೂತ ಆ ತಾಯಿಯೇ ಹೆಚ್ಚು ಕಾಡಿದಳು.

ಬೇಲೂರಿನದೂ ಅಷ್ಟೆ. ಶಿಲ್ಪಿ ಜಕಣಾಚಾರಿ, ಅವನ ಮಗ, ಕಲ್ಲೊಳಗಿನ ಕಪ್ಪೆ, ಇದು ನಮ್ಮ ಎಲ್ಲರ ಬಾಲ್ಯದ ಕತೆ. ಬೇಲೂರಿನ ಮದನಿಕೆಯರ ಕೆಳಗೆ ತಮ್ಮ ಹೆಸರು ಕೊರೆದವರು ಮಾತ್ರ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ನಾನು ದಾಸೋಜನ ತಂಡದಲ್ಲಿ ನನ್ನದೊಬ್ಬ ಶಿಲ್ಪಿಯನ್ನು ಸೇರಿಸಿದೆ. ಜಕಣಾಚಾರಿಯನ್ನೂ ಕೈಬಿಡಲಿಲ್ಲ. ಕಲ್ಲು ಒಡೆಯುವ ಮುದುಕನೊಬ್ಬ ರಾತ್ರಿ ಹುಡುಗರಿಗೆ ಹೇಳುವ ಕತೆಯಲ್ಲಿ ಅವನು ಬರುತ್ತಾನೆ. ದಂತಕತೆಯನ್ನು ದಂತಕತೆಯಾಗಿಯೇ ಬಳಸಿದರೆ ಯಾರಿಗೂ ಮೋಸವಿಲ್ಲ.

8. ಇಂದಿನ ಜಗಳವನ್ನು ಅವರ ಅಂಗಳಕ್ಕೆ ಒಯ್ಯಬೇಡಿ

ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಜೈನೆ. ಶಾಂತಲೆಯೂ ಜಿನಭಕ್ತೆ. ಗಂಡ ವೈಷ್ಣವನಾದ ಎಂಬುದು ಪರಂಪರೆ. ಇಂಥ ಮನೆಯನ್ನು ಬರೆಯಹೊರಟಾಗ ನನಗೆ ಎರಡು ಚಪಲ. ಒಮ್ಮೆ ಅದನ್ನು ಸರ್ವಧರ್ಮ ಸಮ್ಮೇಳನ ಮಾಡುವುದು, ಇನ್ನೊಮ್ಮೆ ದಿನವೂ ಮತದ ಜಗಳ ಹಚ್ಚುವುದು. ಎರಡೂ ಇಂದಿನ ಪತ್ರಿಕೆ ಓದಿ ಬಂದ ಚಪಲಗಳು. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಇಟ್ಟ ಹೆಸರು ಸವತಿಗಂಧವಾರಣ. ಅದು ಅವಳದೇ ಬಿರುದು, ಸವತಿಯರಿಗೆ ಮದ್ದಾನೆ ಎಂದು ಅರ್ಥ. ಭಕ್ತಿಯೂ ಸವತಿ ಮತ್ಸರವೂ ಒಂದೇ ಬಾಗಿಲಿನ ಮೇಲೆ ನಾಚಿಕೆಯಿಲ್ಲದೆ ಕೂತಿವೆ. ಅವಳನ್ನು ಸೌಮ್ಯ ಮೂರ್ತಿ ಮಾಡಿ ಬರೆದಿದ್ದ ಎರಡು ಅಧ್ಯಾಯಗಳನ್ನು ಹರಿದೆ.

ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಚೋಳರ ಆಳ್ವಿಕೆಯಲ್ಲಿ ಗಂಡನಿಗೆ ಮರಣದಂಡನೆಯಾದ ಸುದ್ದಿ ಕೇಳಿ ಆಕೆ ಬೆಂಕಿಗೆ ಹಾರಿದಳು. ತಂದೆ ತಾಯಿ, ನೆಂಟರು ಬೇಡವೆಂದು ತಡೆದರು ಎಂಬುದು ಆ ಶಾಸನದಲ್ಲೇ ಇದೆ. ಇಂದಿನ ಬರಹಗಾರ ಅವಳನ್ನು ದೇವತೆ ಮಾಡಬಹುದು, ಇಲ್ಲವೇ ಮನೆಯವರೇ ತಳ್ಳಿದರು ಎನ್ನಬಹುದು. ಕಲ್ಲು ಎರಡಕ್ಕೂ ಒಗ್ಗುವುದಿಲ್ಲ. ಬೇಡವೆಂದು ತಡೆದ ತಾಯಿಯೊಬ್ಬಳು ಅಲ್ಲಿದ್ದಾಳೆ. ಅವಳನ್ನು ಬಿಟ್ಟು ಬರೆದರೆ ಅನ್ಯಾಯ.

ಈಗ ವಿಜಯನಗರದ ಕಾದಂಬರಿಗೆ ಕೈ ಹಾಕಿದ್ದೇನೆ. ಅಲ್ಲಿಯಂತೂ ಎರಡು ಬಣ್ಣದ ಬಾವುಟ ಹಿಡಿಸಿ ಜನರನ್ನು ಎದುರುಬದುರು ನಿಲ್ಲಿಸುವುದು ಬಹಳ ಸುಲಭ. ಆದರೆ ಆ ಅರಸರು ತಮ್ಮನ್ನು ‘ಹಿಂದೂರಾಯ ಸುರತ್ರಾಣ’ ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನನೇ, ಸಂಸ್ಕೃತದ ಪಂಚೆ ಉಟ್ಟಿದ್ದಾನೆ ಅಷ್ಟೆ. ಆಸ್ಥಾನದಲ್ಲಿ ಪಾರಸಿ ಮೂಲದ ಕುಲ್ಲಾಯಿ ಟೋಪಿ ಹಾಕುತ್ತಿದ್ದರು. ತಿರುಮಲೆಯ ಕಂಚಿನ ವಿಗ್ರಹದಲ್ಲಿ ಕೃಷ್ಣದೇವರಾಯನ ತಲೆಯ ಮೇಲೆ ಇಂಥದೇ ಎತ್ತರದ ಟೋಪಿ ಇದೆ. ಇಂದು ಎಳೆಗೂಸಿನ ತಲೆಗೆ ನಾವು ತೊಡಿಸುವ ಕುಲಾವಿಯಲ್ಲಿ ಆ ಮಾತು ಉಳಿದಿದೆ.

9. ಹಿಂದಿನವರನ್ನು ಓದಿ, ಬರೆಯುವಾಗ ಪುಸ್ತಕ ಮುಚ್ಚಿಡಿ

ಶಾಂತಲೆಯನ್ನು ಕೆ.ವಿ. ಅಯ್ಯರ್ ಬರೆದರು, ಸಿ.ಕೆ. ನಾಗರಾಜರಾವ್ ಬರೆದರು. 12ನೇ ಶತಮಾನದ ಕಲ್ಯಾಣವನ್ನು ಬಿ. ಪುಟ್ಟಸ್ವಾಮಯ್ಯ ‘ಕ್ರಾಂತಿ ಕಲ್ಯಾಣ’ದಲ್ಲಿ, ಲಂಕೇಶ್ ‘ಸಂಕ್ರಾಂತಿ’ಯಲ್ಲಿ, ಎಚ್.ಎಸ್. ಶಿವಪ್ರಕಾಶ್ ‘ಮಹಾಚೈತ್ರ’ದಲ್ಲಿ, ಗಿರೀಶ ಕಾರ್ನಾಡ್ ‘ತಲೆದಂಡ’ದಲ್ಲಿ ಮತ್ತೆ ಮತ್ತೆ ಎಬ್ಬಿಸಿದರು. ಅದೇ ಬಿಜ್ಜಳ, ಅದೇ ಬಸವಣ್ಣ, ನಾಲ್ಕು ಬೇರೆ ಕಲ್ಯಾಣ. ‘ತಲೆದಂಡ’ ಬಂದದ್ದು 1990ರಲ್ಲಿ, ಮಂಡಲ್ ವರದಿ ಮತ್ತು ಅಯೋಧ್ಯೆಯ ಮಂದಿರದ ಗದ್ದಲದ ನಡುವೆ. ಅದರ ಬಿಸಿ ನಾಟಕದಲ್ಲಿದೆ. ಹಿಂದಿನ ಪಾಠದಲ್ಲಿ ಬೇಡವೆಂದದ್ದನ್ನೇ ಇವರು ಮಾಡಲಿಲ್ಲವೇ ಎಂದು ನೀವು ಕೇಳಬಹುದು. ನನಗೆ ಕಂಡಂತೆ, ಅವರು ಇಂದಿನ ಪ್ರಶ್ನೆಯನ್ನು ಹಿಡಿದು ಕಲ್ಯಾಣಕ್ಕೆ ಹೋದರು, ಉತ್ತರವನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಲಿಲ್ಲ. ಪ್ರಶ್ನೆ ನಮ್ಮದಿರಲೇಬೇಕು. ಇಲ್ಲದಿದ್ದರೆ 900 ವರ್ಷ ಹಿಂದಕ್ಕೆ ಹೋಗುವ ದಣಿವಾದರೂ ಏಕೆ?

10. ಕೊನೆಯಲ್ಲಿ ಲೆಕ್ಕ ಒಪ್ಪಿಸಿ

ಎರಡನೆಯ ಮುದ್ರಣಕ್ಕೆ ಎರಡು ಪುಟದ ಅರಿಕೆ ಸೇರಿಸಿದೆ. ದಾಸೋಜ ಇದ್ದವನು, ನನ್ನ ಶಿಲ್ಪಿ ಇಲ್ಲದವನು. ಮಾಚಿಕಬ್ಬೆ ಉಪವಾಸ ಕೂತದ್ದು ಶಾಸನದ್ದು, ಆ ತಿಂಗಳಲ್ಲಿ ಅವಳು ಆಡಿದ ಮಾತೆಲ್ಲ ನನ್ನದು. ಪ್ರಕಾಶಕರು ‘ಇದರಿಂದ ಕತೆಯ ಮಾಯೆ ಹೋಗುತ್ತದೆ’ ಎಂದು ಅಳುಕಿದರು. ಹೋಗಲಿಲ್ಲ. ನಮ್ಮ ಊರುಗಳಲ್ಲಿ ಕಾದಂಬರಿ, ಸಿನಿಮಾದಲ್ಲಿ ಕಂಡದ್ದೇ ಇತಿಹಾಸ ಎಂದು ಹೊಡೆದಾಡುವವರಿದ್ದಾರೆ. ಇಷ್ಟು ನಾನು ಕಟ್ಟಿದ್ದು ಎಂದು ಬರೆದವನೇ ಹೇಳಿಬಿಡುವುದು ಒಳ್ಳೆಯದು.

ಆ ಮುದ್ರಣದ ಮೊದಲ ಪ್ರತಿಯನ್ನು ಬ್ಯಾಡಗಿ ಕಡೆಗೆ ಕಳಿಸಿದೆ. ಹದಿನೈದು ದಿನಕ್ಕೆ ಇನ್ನೊಂದು ಕಾರ್ಡ್ ಬಂತು: ‘ಮೆಣಸಿನಕಾಯಿ ಹೋಗಿದೆ, ಸಂತೋಷ. 84ನೇ ಪುಟದಲ್ಲಿ ಹುಡುಗನೊಬ್ಬ ಸೀಬೆಮರ ಹತ್ತಿದ್ದಾನೆ, ಇಳಿಸಿ.’ ಮೂರನೆಯ ಮುದ್ರಣದಲ್ಲಿ ಅವನು ನೇರಳೆಮರ ಹತ್ತುತ್ತಾನೆ. ನಿಮಗೂ ಏನಾದರೂ ಕಂಡರೆ ದಯವಿಟ್ಟು ಬರೆಯಿರಿ, ಒಂದು ಕಾರ್ಡ್ ಸಾಕು.